ಬಮ್ಮಿಗಟ್ಟಿಯ ಬದುವಿನ ಮೇಲೆ

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಲ್ಲಿ ಮನೆಗಳ ಸಾಲು ದಾಟಿ ಹೊಲದ ಹಾದಿ ಹಿಡಿದೆ. ಮುಂಗಾರು ಇನ್ನೂ ಬಂದಿಲ್ಲ. ಗೋವಿನಜೋಳ, ಸೋಯಾಬೀನ್, ಭತ್ತ ಬಿತ್ತುವ ನೆಲ ಹರಗಿ ಹಸನಾಗಿದೆ. ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲದ ಈ ಸೀಮೆಯಲ್ಲಿ ಹೊಲದಿಂದ ಹೊಲಕ್ಕೆ ಹೋಗಲು ಬದುವೇ ದಾರಿ. ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು.

“ಬದು ಕಡದಾನ್ರೀ.” ಈ ಕಡೆ ಎಷ್ಟೋ ಜಗಳಗಳು ಶುರುವಾಗುವುದು ಈ ಮಾತಿನಿಂದ. ಮೊದಲು ರಂಟೆ, ಈಗ ಟ್ರ್ಯಾಕ್ಟರ್. ವರ್ಷಕ್ಕೆ ನಾಲ್ಕು ಬೆರಳು ಒತ್ತಿದರೂ ಹತ್ತು ವರ್ಷಕ್ಕೆ ಎರಡೂವರೆ ಅಡಿ. ಬದು ಇನ್ನೂರು ಅಡಿ ಉದ್ದವಿದ್ದರೆ ಹೋದದ್ದು ಹತ್ತಿರ ಹತ್ತಿರ ಅರ್ಧ ಗುಂಟೆ. ಒಂದೆರಡು ಎಕರೆಯವನಿಗೆ ಅದು ಸಣ್ಣ ನಷ್ಟವಲ್ಲ. ಕೇಳುವವರಿಲ್ಲದಿದ್ದರೆ ಆಳುಬಲ ಇದ್ದವನ ಹೊಲ ಹಿಗ್ಗುತ್ತದೆ. ಗಂಡನಿಲ್ಲದವಳ ಹೊಲ, ದುಡಿಯಲು ಊರು ಬಿಟ್ಟವನ ಹೊಲ ಕುಗ್ಗುತ್ತದೆ. ಕಾನೂನು ಯಾಕೆ ಬೇಕು ಎಂದು ಕೇಳುವವರು ಇಲ್ಲಿಗೆ ಬಂದು ನಿಲ್ಲಬೇಕು.

ಹೊಲದ ಮೂಲೆಯಲ್ಲಿ ಅರ್ಧ ಹೂತ ಬಾಂದುಕಲ್ಲು. ಧಾರವಾಡ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿದ್ದಾಗ, 19ನೇ ಶತಮಾನದಲ್ಲಿ, ಹೊಲ ಹೊಲ ಅಳೆದು ನಂಬರು ಕೊಟ್ಟು ಇಂಥ ಕಲ್ಲು ನೆಟ್ಟರು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಎಕರೆ. ಬ್ರಿಟಿಷರು ಅಳೆದದ್ದು ಕಂದಾಯ ಎತ್ತಲಿಕ್ಕೆ, ರೈತನ ಮೇಲಿನ ಪ್ರೀತಿಯಿಂದಲ್ಲ. ಆದರೂ ಟಿಪ್ಪಣಿಯಲ್ಲಿ ಬರೆದ ಆ ಅಳತೆಗೆ ಗೌಡರ ಹೊಲ, ಬಡವರ ಹೊಲ ಎಂಬ ಭೇದವಿಲ್ಲ. ಅದರ ದೊಡ್ಡತನ ಇರುವುದು ಅಲ್ಲಿ.

ಊರ ಹಿರಿಯರು ಕಟ್ಟೆಯ ಮೇಲೆ ಕೂತು ಬಗೆಹರಿಸಿದ ತಂಟೆಗಳು ಎಷ್ಟೋ. ಆ ಪದ್ಧತಿಯ ಮೇಲೆ ನನಗೆ ಗೌರವವಿದೆ. ಆದರೆ ಬದು ಕಡಿದವನೇ ಆ ಹಿರಿಯರ ಮನೆಯವನಾದರೆ? ಆಗ ಊರಿನಿಂದ ಹೊರಗಿನ ಒಂದು ನಿಯಮ ಬೇಕು. ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಬಾಜೂ ಹೊಲದವರಿಗೂ ನೋಟಿಸು ಹೋಗುತ್ತದೆ. ಮೋಜಣಿದಾರರು ಬಂದು ಅಳೆದು ಗಡಿ ತೋರಿಸುತ್ತಾರೆ, ಪಂಚನಾಮೆ ಆಗುತ್ತದೆ. ಸರ್ಕಾರ ನೆಟ್ಟ ಗಡಿಕಲ್ಲು ಕಿತ್ತರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ ಎಂದು ದಂಡ ಸಂಹಿತೆಯ 434ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಅದು ಅಪರಾಧವೇ.

ಕಲ್ಲು ಇದ್ದಲ್ಲೇ ಇದ್ದರೂ ಉತಾರದಲ್ಲಿ ಹೆಸರು ಬದಲಾದದ್ದುಂಟು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯ ತಿದ್ದುಪಡಿಯಿಂದ ಕರ್ನಾಟಕದ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು; ಭೂನ್ಯಾಯ ಮಂಡಳಿ ಮುಂದೆ ನಿಂತು ತಾವು ಉತ್ತ ನೆಲಕ್ಕೆ ಒಡೆಯರಾದರು. ಹಳೆಯ ಒಡೆಯರ ಮನಸ್ಸು ಕರಗಲಿ ಎಂದು ಕಾದಿದ್ದರೆ ಅವರ ಮೊಮ್ಮಕ್ಕಳೂ ಗೇಣಿ ಅಳೆಯುತ್ತಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಅದನ್ನು ಮಾತ್ರ ನಮ್ಮ ಮನೆಗಳು ಇನ್ನೂ ಮನಸಾರೆ ಒಪ್ಪಿಲ್ಲ. ಅರಿಷಿಣ ಕುಂಕುಮ ಕೊಟ್ಟು ಹಕ್ಕುಬಿಡುಗಡೆಗೆ ಸಹಿ ಮಾಡಿಸಿಕೊಳ್ಳುವುದನ್ನು ಪ್ರೀತಿ ಎಂದು ಕರೆಯುವುದು ಅನ್ಯಾಯ.

ಬಿತ್ತನೆಗೆ ಇನ್ನೂ ದಿನಗಳಿವೆ. ಬಾಜೂ ಹೊಲದವರನ್ನು ಜತೆಗೆ ಕರಕೊಂಡು ನಿಮ್ಮ ಹೊಲದ ಮೂಲೆ ಮೂಲೆ ನೋಡಿ ಬನ್ನಿ. ಕಲ್ಲು ಕಾಣದಿದ್ದರೆ ಜಗಳಕ್ಕೆ ಮೊದಲೇ ಹದ್ದುಬಸ್ತಿಗೆ ಅರ್ಜಿ ಕೊಡಿ. ಅರ್ಜಿ ಧೂಳು ತಿನ್ನದ ಹಾಗೆ, ಮಳೆ ಹಿಡಿಯುವ ಮೊದಲೇ ಮೋಜಣಿದಾರರನ್ನು ಹೊಲಕ್ಕೆ ಕಳಿಸುವುದು ಸರ್ಕಾರದ ಹೊಣೆ.