ನಿಮಗಿದು ಗೊತ್ತೆ? ಕಾಂಗೋದ ಬಲಿಪೂಜೆಯಲ್ಲಿ ಗುರುಗಳೂ ಹೆಜ್ಜೆ ಹಾಕುತ್ತಾರೆ

ಸೇವೆಗೆಂದು ಆಫ್ರಿಕಾಕ್ಕೆ ಹೋದ ವಿದೇಶಿ ಕ್ರೈಸ್ತರು ಅಲ್ಲಿನ ಆರಾಧನೆಯ ಸಂಭ್ರಮ ಕಂಡು, ಇಂಥ ಬಡತನದಲ್ಲೂ ಎಷ್ಟು ಖುಷಿ ಎಂದು ಬೆರಗಾಗುವುದುಂಟು. ಮೆಚ್ಚುಗೆಯ ಮಾತೇ ಆದರೂ ಅದು ಆ ಸಂಭ್ರಮದ ಹಿಂದಿರುವ ಚಿಂತನೆಯನ್ನು ಮರೆಸಿಬಿಡುತ್ತದೆ. ಕಾಂಗೋದ ಕಥೋಲಿಕರನ್ನೇ ನೋಡಿ. ಪೂಜಾವಿಧಿಯಲ್ಲಿ ಆಯಾ ಜನರ ಸಂಸ್ಕೃತಿಗೂ ಜಾಗವಿದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಒಪ್ಪಿತು. ಅದನ್ನು ಆಧರಿಸಿ ಕಿನ್ಶಾಸಾದ ಕಾರ್ಡಿನಲ್ ಮಲೂಲಾ ಮತ್ತು ಅಲ್ಲಿನ ಧರ್ಮಾಧ್ಯಕ್ಷರು ವರ್ಷಗಟ್ಟಲೆ ದುಡಿದು ರೂಪಿಸಿದ ವಿಧಿಗೆ ರೋಮ್‌ನ ಮುದ್ರೆ ಬಿದ್ದದ್ದು 1988ರಲ್ಲಿ. ಆ ವಿಧಿಯಲ್ಲಿ ಗುರುಗಳು ಹಾಕುವ ಕುಣಿತದ ಹೆಜ್ಜೆಗಳು ಹಟ ಹಿಡಿದು ಪಡೆದ ಹಕ್ಕು, ಬರೀ ಉಕ್ಕಿಬಂದ ಉತ್ಸಾಹವಲ್ಲ.

ಕುಣಿದರೆ ಪೂಜೆಯ ಗಾಂಭೀರ್ಯ ಕೆಡುವುದಿಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ; ಆದರೆ ಉತ್ತರ ವಿಧಿಯೊಳಗೇ ಇದೆ. ಮೊದಲಿಗೆ ಸಂತರೊಡನೆ, ಸನ್ಮಾರ್ಗದಲ್ಲಿ ಬಾಳಿದ ಪೂರ್ವಜರನ್ನೂ ಸ್ಮರಿಸುತ್ತಾರೆ. ಮಹಿಮಾಗೀತೆಯ ಹೊತ್ತಿಗೆ ಗುರುಗಳು, ಪರಿಚಾರಕರು ಬಲಿಪೀಠದ ಸುತ್ತ ಲಯಬದ್ಧವಾಗಿ ಹೆಜ್ಜೆ ಹಾಕುತ್ತಾರೆ. ಶುಭಸಂದೇಶದ ವಾಚನಕ್ಕೆ ಬೇರೆಡೆ ಎದ್ದು ನಿಲ್ಲುವುದು ರೂಢಿ. ಇಲ್ಲಿ ಹಿರಿಯರ ಮಾತಿಗೆ ಕಿವಿಗೊಟ್ಟಂತೆ ಕುಳಿತು ಆಲಿಸುತ್ತಾರೆ. ಪಾಪನಿವೇದನೆ ಆರಂಭದಲ್ಲಿಲ್ಲ, ಪ್ರಬೋಧನೆ ಮುಗಿದ ಮೇಲೆ: ವಾಕ್ಯ ಕೇಳಿದವರು ತಲೆಬಾಗಿ ಕ್ಷಮೆ ಬೇಡುತ್ತಾರೆ, ಪವಿತ್ರ ಜಲ ಪ್ರೋಕ್ಷಿಸಲಾಗುತ್ತದೆ, ಬಳಿಕವೇ ಪರಸ್ಪರ ಶಾಂತಿ ಕೋರುತ್ತಾರೆ. ಪಶ್ಚಾತ್ತಾಪಕ್ಕೆ ಇಷ್ಟು ಜಾಗ ಕೊಟ್ಟ ಆರಾಧನೆಯನ್ನು ಮನರಂಜನೆ ಎನ್ನಲಾಗದು. ಇದು ಕಾಂಗೋಗಷ್ಟೇ ಸರಿ ಎನ್ನುವವರೂ ಇದ್ದಾರೆ. ಆದರೆ 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಬೆಸಿಲಿಕಾದಲ್ಲೇ ಈ ವಿಧಿಯಂತೆ ಬಲಿಪೂಜೆ ಅರ್ಪಿಸಿದರು.