ಮೊದಲ ದೂರಸವಾರಿಗೆ ಸಿದ್ಧರಾಗುವವರಿಗೆ

ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಗಳಲ್ಲಿಯೂ, ಪೀಣ್ಯದ ಲೇತು ಯಂತ್ರಗಳ ಮುಂದೆಯೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ವಾರವಿಡೀ ದುಡಿಯುವ ತರುಣ ತರುಣಿಯರು, ಭಾನುವಾರ ಬೆಳಕು ಹರಿಯುವ ಮುನ್ನ ಸೈಕಲ್ಲೇರಿ ಊರಾಚೆಗೆ ಹೊರಡುವುದು ನನಗೆ ಅತ್ಯಂತ ಸಂತೋಷವನ್ನುಂಟುಮಾಡುವ ಸಂಗತಿ. ಆದರೆ ಮೊದಲ ಬಾರಿಗೆ ನೂರು ಕಿಲೋಮೀಟರಿನ ಸಂಕಲ್ಪ ಮಾಡುವವರು ಸೈಕಲ್ಲಿನ ಬೆಲೆ, ಗೇರುಗಳನ್ನು ಕುರಿತು ಚಿಂತಿಸುವಷ್ಟು, ಮರಳಿ ಬರುವ ಹಾದಿಯನ್ನು ಕುರಿತು ಚಿಂತಿಸುವುದಿಲ್ಲ.

ಆಷಾಢದ ಗಾಳಿ ನಮ್ಮ ಜನರಿಗೆ ಹೊಸದಲ್ಲ. ಜೂನಿನಿಂದ ಆಗಸ್ಟಿನವರೆಗೆ ಪಡುವಣದಿಂದ ಬೀಸುವ ಈ ಗಾಳಿಯು, ವೈಟ್‌ಫೀಲ್ಡಿನಿಂದ ಹೊಸಕೋಟೆ, ನರಸಾಪುರಗಳ ಮಾರ್ಗವಾಗಿ ಕೋಲಾರಕ್ಕೆ ಹೊರಟವನನ್ನು ಬೆನ್ನಿಗೆ ನಿಂತು ತಳ್ಳಿ, ಸುಮಾರು 50 ಕಿಲೋಮೀಟರನ್ನು ಆಯಾಸವರಿಯದಂತೆ ದಾಟಿಸಿ, ಆ ವೇಗವೆಲ್ಲ ತನ್ನ ಕಾಲ್ಬಲದ್ದೇ ಎಂಬ ಭ್ರಾಂತಿಯನ್ನು ಹುಟ್ಟಿಸಿ, ಹೊತ್ತೇರಿದ ಮೇಲೆ ಅವನು ದಣಿದು ಹಿಂದಿರುಗುವಾಗ ಎದೆಗೆ ಎದುರಾಗಿ ನಿಲ್ಲುತ್ತದೆ. ಪೀಣ್ಯದಿಂದ ನೆಲಮಂಗಲವನ್ನು ಹಾದು ದಾಬಸ್‌ಪೇಟೆಯ ಕಡೆಗೆ ಹೋಗುವವನಿಗಾದರೋ ಕಷ್ಟ ಮೊದಲು, ಸುಖ ಅನಂತರ. ಮಾರ್ಗಶಿರ, ಪುಷ್ಯಗಳಲ್ಲಿ ಮೂಡಣ ಗಾಳಿ ಬೀಸುವುದರಿಂದ ಈ ಲೆಕ್ಕ ತಿರುವುಮುರುವಾಗುತ್ತದೆ.

ದೇಹವನ್ನು ಅವಸರಪಡಿಸಲಾಗದು. ಇಪ್ಪತ್ತು ಕಿಲೋಮೀಟರು ನಿರಾಯಾಸವಾದ ಮೇಲೆ ಮೂವತ್ತು, ಅನಂತರ ಐವತ್ತು ಎಂದು ವಾರವಾರವೂ ಸ್ವಲ್ಪಸ್ವಲ್ಪವೇ ಏರಿಸುತ್ತ ಬರಬೇಕು. ಹಿಮ್ಮಡಿಯನ್ನು ಕೆಳಬದಿಗೆ ಬಂದ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರವಿದ್ದರೆ ಮೊಣಕಾಲು ಉಳಿಯುತ್ತದೆ. ಹಸಿವೆಯನ್ನು ಕಾಯದೆ ಗಂಟೆಗೊಮ್ಮೆ ಬಾಳೆಹಣ್ಣೋ ಕಡಲೆಕಾಯಿ ಚಿಕ್ಕಿಯೋ, ಜೊತೆಗೆ ಅರ್ಧ ಲೀಟರಿನಷ್ಟು ನೀರು, ಇಷ್ಟು ಸಾಕು.

ಪಂಕ್ಚರ್ ಹಾಕುವ ವಿದ್ಯೆಯನ್ನಂತೂ ಮನೆಯಲ್ಲೇ ಕಲಿತಿರಬೇಕು. ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಬಕೆಟ್ಟಿನ ನೀರಿನಲ್ಲದ್ದಿ, ಗುಳ್ಳೆಯೇಳುವ ತಾಣವನ್ನು ಗುರುತಿಸಿ, ಒರೆಸಿ ಒಣಗಿಸಿ, ಮರಳು ಕಾಗದದಿಂದ ಉಜ್ಜಿ, ಸಲ್ಯೂಷನ್ ಸವರಿ, ಅದು ಅಂಟಂಟಾಗುವವರೆಗೂ ತಾಳ್ಮೆಯಿಂದಿದ್ದು, ಬಳಿಕ ತೇಪೆಯನ್ನೊತ್ತಬೇಕು. ಇದಕ್ಕಿಂತಲೂ ಮುಖ್ಯವಾದುದು, ಟೈರಿನ ಒಳಮೈಯಲ್ಲಿ ಬಟ್ಟೆಯ ಚೂರನ್ನು ಸುತ್ತಲೂ ಎಳೆದು, ನಾಟಿಕೊಂಡಿರುವ ಜಾಲಿಮುಳ್ಳನ್ನೋ ತಂತಿಯ ಎಳೆಯನ್ನೋ ಕಿತ್ತು ತೆಗೆಯುವುದು. ಅದು ಅಲ್ಲೇ ಉಳಿದರೆ ಹೊಸ ಟ್ಯೂಬೂ ತೂತಾಗುತ್ತದೆ.

ಸ್ವಾವಲಂಬನೆಯ ಈ ಪಾಠವು ಬ್ರೆವೆ ಎಂಬ ದೂರಸವಾರಿಗಳ ಮೂಲನಿಯಮವೂ ಹೌದು. 1891ರಲ್ಲಿ ಆರಂಭವಾದ, ಇಂದು ನಾಲ್ಕು ವರ್ಷಗಳಿಗೊಮ್ಮೆ ನಡೆಯುವ 1,200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯ ಈ ಸಂಪ್ರದಾಯವನ್ನು ನಮ್ಮಲ್ಲಿ ಬೆಂಗಳೂರು ರಾಂಡನ್ಯೂರ್ಸ್ ಬಳಗವು ನಡೆಸಿಕೊಂಡು ಬಂದಿದೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಗಳ ಅವಕಾಶವುಂಟು. ಅಂದರೆ ಗಂಟೆಗೆ ಹದಿನೈದು ಕಿಲೋಮೀಟರಿನಷ್ಟು. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ, ವೇಗಕ್ಕಿಂತ ಹದವನ್ನು ಮನ್ನಿಸುವ ಈ ಕ್ರಮವೇ ಹೊಸಬರಿಗೆ ಮೇಲ್ಪಂಕ್ತಿಯಾಗಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಮೇಲೆ ಹೇಳಿದ ಗಾಳಿಯ ಲೆಕ್ಕವನ್ನು ನೆನೆದು, ದಣಿದು ಮರಳುವಾಗ ಗಾಳಿ ಬೆನ್ನಿಗಿರುವಂತೆ, ಮೊದಲ ದೂರಸವಾರಿಯನ್ನು ಎದುರುಗಾಳಿಯಲ್ಲಿಯೇ ಆರಂಭಿಸಿರಿ: ಮಳೆಗಾಲದಲ್ಲಿ ಪೀಣ್ಯದಿಂದ ಪಡುವಣಕ್ಕೆ, ಚಳಿಗಾಲದಲ್ಲಿ ವೈಟ್‌ಫೀಲ್ಡಿನಿಂದ ಮೂಡಣಕ್ಕೆ. ಎಲೆಕ್ಟ್ರಾನಿಕ್ ಸಿಟಿಯವರು ಹೊಸೂರಿನ ಹೆದ್ದಾರಿಯನ್ನು ಬಿಟ್ಟು ಆನೇಕಲ್ಲಿನ ಒಳದಾರಿಗಳನ್ನು ಹಿಡಿಯುವುದು ಲೇಸು. ಯಾವ ದಿಕ್ಕಿಗೇ ಹೊರಡಿ, ಸೈಕಲ್ಲಿನ ಹಿಂಬದಿಗೆ ಕೆಂಪು ದೀಪವನ್ನು ಹಚ್ಚದೆ ಮನೆಯ ಗೇಟನ್ನು ದಾಟಬೇಡಿ.