ಹಿಮಗಡಲಿನಲ್ಲಿ ಮರದ ಹಡಗು

ಕಬ್ಬಿಣದ ನೌಕೆಗಳು ಮಹಾಸಾಗರಗಳನ್ನು ದಾಟುತ್ತಿದ್ದ ಕಾಲದಲ್ಲಿಯೂ ಧ್ರುವಸಮುದ್ರಗಳಿಗೆ ಮರದ ಹಡಗುಗಳನ್ನೇ ಕಳುಹಿಸುತ್ತಿದ್ದುದೇಕೆ, ಅದು ಹಳೆಯದರ ವ್ಯಾಮೋಹವಲ್ಲವೆ, ಎಂದು ವಾಚಕರೊಬ್ಬರು ಕೇಳಿದ್ದಾರೆ. ವ್ಯಾಮೋಹವಲ್ಲ, ಅನುಭವದಿಂದ ಪಕ್ವವಾದ ವಿವೇಕ. ಅದಕ್ಕೆ ಅಮೆರಿಕದ ಸುಂಕದ ನೌಕಾದಳದಲ್ಲಿದ್ದ ‘ಬೇರ್’ ಎಂಬ ಹಡಗಿಗಿಂತ ಉತ್ತಮ ನಿದರ್ಶನವನ್ನು ನಾನರಿಯೆ.

1874ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಸೀಲ್ ಬೇಟೆಗೆಂದು ನಿರ್ಮಿತವಾದ ಈ ನೌಕೆಗೆ ಹಾಯಿಗಳೂ ಇದ್ದವು, ಉಗಿಯಂತ್ರವೂ ಇತ್ತು. 1884ರಲ್ಲಿ ಅದು, ಉತ್ತರಧ್ರುವ ಪ್ರದೇಶದಲ್ಲಿ ಹಸಿವಿನಿಂದ ಸಾಯುತ್ತಿದ್ದ, ಅನ್ವೇಷಕ ಗ್ರೀಲಿಯ 25 ಜನರ ತಂಡದಲ್ಲಿ ಉಳಿದಿದ್ದ 7 ಮಂದಿಯನ್ನು ರಕ್ಷಿಸಿದ ಯಾತ್ರೆಯಲ್ಲಿ ಪಾಲ್ಗೊಂಡು, ಮರುವರ್ಷ ಸುಂಕದ ದಳವನ್ನು ಸೇರಿ, ಅಲಾಸ್ಕದ ಕಡಲನ್ನು ದಶಕಗಳ ಕಾಲ ಕಾಯಿತು.

ಅದರ ಮಹಿಮೆಯೆಲ್ಲ 6 ಅಂಗುಲ ದಪ್ಪದ ಹಲಗೆಗಳ ಮೈಯಲ್ಲಿ ಅಡಗಿತ್ತು. ಲೋಹವೆಂದರೆ ಸರ್ವದಾ ಬಲಿಷ್ಠ, ಮರವೆಂದರೆ ದುರ್ಬಲ ಎಂದು ನಂಬಿದವರು, ಗಡುಸುತನ ಬೇರೆ, ಪೆಟ್ಟನ್ನು ತಾಳುವ ಗುಣ ಬೇರೆ ಎಂಬುದನ್ನು ಮರೆಯುತ್ತಾರೆ. ಬೆಚ್ಚಗಿರುವಾಗ ಬಾಗಿ ಪೆಟ್ಟನ್ನು ನುಂಗುವ ಲೋಹವೇ, ಗಂಧಕ ರಂಜಕಗಳ ಕಲ್ಮಷವಿದ್ದಲ್ಲಿ, ಕಡುಶೈತ್ಯದಲ್ಲಿ ಗಾಜಿನಂತೆ ಪೆಡಸಾಗಿ ಸೀಳುತ್ತದೆ. 1943ರ ಜನವರಿಯಷ್ಟು ಈಚೆಗೂ, ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ನಿಶ್ಚಲವಾದ ನೀರಿನಲ್ಲಿ ಕಟ್ಟಿಹಾಕಿದ್ದ ‘ಸ್ಕನೆಕ್ಟಡಿ’ ಎಂಬ ಉಕ್ಕಿನ ತೈಲನೌಕೆ, ಬೆಸುಗೆಯ ದೋಷವೂ ಚಳಿಯೂ ಕೂಡಿ, ಇದ್ದಕ್ಕಿದ್ದಂತೆ ನಡುವೆ ಬಿರಿಯಿತು. ಮರದ ಸ್ವಭಾವವೇ ಬೇರೆ: ಶೈತ್ಯ ಹೆಚ್ಚಿದಂತೆ ಅದರ ಬಲ ಕುಂದದೆ ತುಸು ವರ್ಧಿಸುತ್ತದೆ; ನೀರ್ಗಲ್ಲು ಇಕ್ಕೆಲಗಳಿಂದ ಅದುಮಿದಾಗ ಹಲಗೆ, ತೊಲೆ, ಕೀಲುಗಳೆಲ್ಲ ಒಂದಿಷ್ಟೇ ಜರುಗಿ ಭಾರವನ್ನು ತಮ್ಮಲ್ಲಿ ಹಂಚಿಕೊಂಡು, ಒತ್ತಡ ತಪ್ಪಿದೊಡನೆ ಸ್ವಸ್ಥಾನಕ್ಕೆ ಮರಳುತ್ತವೆ.

ಆದರೂ ಮರಕ್ಕೊಂದು ಮಿತಿಯುಂಟು. 1897ರ ಚಳಿಗಾಲದಲ್ಲಿ ಅಲಾಸ್ಕದ ಪಾಯಿಂಟ್ ಬ್ಯಾರೋ ಬಳಿ ತಿಮಿಂಗಿಲ ಬೇಟೆಯ ಹಡಗುಗಳು ಹಿಮದಲ್ಲಿ ಸಿಕ್ಕಿ 265 ಜನ ಆಪತ್ತಿಗೊಳಗಾದಾಗ, ‘ಬೇರ್’ ಅಲ್ಲಿಯವರೆಗೆ ನುಗ್ಗಲಾರದೆ, ಜಾರ್ವಿಸ್, ಬರ್ಥಾಲ್ಫ್ ಎಂಬ ಅಧಿಕಾರಿಗಳನ್ನೂ ವೈದ್ಯ ಕಾಲ್ ಅವರನ್ನೂ ದಕ್ಷಿಣದಲ್ಲಿಯೇ ದಡಕ್ಕಿಳಿಸಿತು. ಅವರು ಸ್ಥಳೀಯ ಎಸ್ಕಿಮೊ ಜನರ ನೆರವಿನಿಂದ ಸುಮಾರು 400 ಹಿಮಸಾರಂಗಗಳನ್ನು ಹೊಡೆದುಕೊಂಡು, 1,500 ಮೈಲಿಗಳ ಪ್ರಯಾಣವನ್ನು ಪೂರೈಸಿ, 1898ರ ಮಾರ್ಚಿನಲ್ಲಿ ಆಹಾರದೊಡನೆ ಅಲ್ಲಿಗೆ ತಲಪಿದರು. ನನ್ನನ್ನು ಪುಲಕಿತಗೊಳಿಸುವ ಸಂಗತಿ ಇದು: ಆ ಸಾರಂಗಗಳ ಹಿಂಡನ್ನು ಬೆಳೆಸಲು ಸೈಬೀರಿಯದಿಂದ ಮೊದಲು ಪ್ರಾಣಿಗಳನ್ನು ಹೊತ್ತು ತಂದದ್ದು, ಕ್ಯಾಪ್ಟನ್ ಮೈಕಲ್ ಹೀಲಿಯ ಕಾಲದಲ್ಲಿ, ಇದೇ ‘ಬೇರ್’!

ಹಡಗಿನ ಹೆಸರು ಬದಲಿಸಿದರೆ ಕೇಡು ತಪ್ಪದೆಂಬುದು ನಾವಿಕರ ಹಳೆಯ ನಂಬಿಕೆ. ಇಂಥ ಮೌಢ್ಯಕ್ಕೆ ಈ ನೌಕೆಯ ಚರಿತ್ರೆಯೇ ಉತ್ತರ. ‘ಬೇರ್ ಆಫ್ ಓಕ್ಲೆಂಡ್’ ಎಂದು ಮರುನಾಮಕರಣಗೊಂಡ ಮೇಲೆಯೇ ಅದು ಅನ್ವೇಷಕ ಬರ್ಡ್ ಅವರ 1933–35ರ ದಕ್ಷಿಣಧ್ರುವ ಯಾತ್ರೆಗೆ ಹೋಗಿ ಬಂದಿತು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಗ್ರೀನ್‌ಲೆಂಡಿನ ಕಾವಲಿಗೂ ನಿಂತಿತು. 1963ರಲ್ಲಿ ಕೆನಡಾದ ನೋವಾ ಸ್ಕೋಷಿಯದ ದಕ್ಷಿಣಕ್ಕೆ, ಬೇರೊಂದು ನೌಕೆ ಎಳೆದೊಯ್ಯುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ ಅದು ಮುಳುಗಿತು. ಕಡಲಿನ ತಳದಲ್ಲಿ ಪತ್ತೆಯಾದ ಅವಶೇಷವು ‘ಬೇರ್’ನದೇ ಎಂದು 2021ರಲ್ಲಿ ಪ್ರಕಟವಾಯಿತು. 89 ವರ್ಷ ಬಾಳಿದ ಹಡಗಿನ ಅಂತ್ಯಕ್ಕೆ ಶಕುನವನ್ನು ಹುಡುಕುವುದಕ್ಕಿಂತ, ಅದರ ದೀರ್ಘಾಯುಸ್ಸಿಗೆ ಕಾರಣರಾದ ಡಂಡೀ ಬಡಗಿಗಳ ಜ್ಞಾನವನ್ನು ಗೌರವಿಸುವುದು ವಿವೇಕಿಗಳಿಗೆ ಉಚಿತ.